ಪಕ್ಕದ ಕುರ್ಚಿ

ಹದಿನೇಳನೆಯ ಹಾಳೆಯ ಮೇಲೆ ಅಳತೆಪಟ್ಟಿ ಇಟ್ಟಾಗ ಅವನ ಕಣ್ಣಿಗೆ ಮೊದಲು ಬಿದ್ದದ್ದು ಹಿಮ್ಮಡಿ. ಬಲಗಾಲಿನ ಹಿಮ್ಮಡಿ ಬೂಟಿನಿಂದ ಅರ್ಧ ಹೊರಗೆ ಬಂದಿತ್ತು. ಬೂಟು ಬಿಚ್ಚಿದ್ದೂ ಅಲ್ಲ, ಹಾಕಿಕೊಂಡದ್ದೂ ಅಲ್ಲ. ಹಾಗೆ ಕೂರುವವರು ಲೋಕದಲ್ಲಿ ಸಾವಿರ ಜನ ಇದ್ದಾರು ಅಂದುಕೊಂಡು ಅಗಲ ಅಳೆದು ಚೀಟಿಯಲ್ಲಿ ಬರೆದುಕೊಂಡ. ಉದ್ದ ಅಳೆದ, ಬರೆಯುವಷ್ಟರಲ್ಲಿ ಮರೆತ, ಮತ್ತೆ ಅಳೆದ. ಬೆಳಗಿನಿಂದ ಇದೇ ಕೆಲಸ. ಕಲಾವಿದೆ ಹಿಂದಿನ ದಿನ ಗಾಜಿನ ಕಟ್ಟು ಹಾಕಿಸಲು ಅವನ ಅಂಗಡಿಗೆ ತಂದಿಟ್ಟು ಹೋದ ದೊಡ್ಡ ಚೀಲದಲ್ಲಿ ಮೂವತ್ತೆರಡು ಚಿತ್ರಗಳಿದ್ದವು. ಎಲ್ಲ ಇದ್ದಿಲಿನಲ್ಲಿ ಬರೆದವು, ಎಲ್ಲದರಲ್ಲೂ ಯಾರೋ ಒಬ್ಬರು ಕೂತಿದ್ದರು. ಬಾಯಿ ತೆರೆದು ನಿದ್ದೆಹೋದ ಹೆಂಗಸು, ಮಂಚದ ಅಂಚಿನಲ್ಲಿ ಕೂತು ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಯಾಕೆ ಎದ್ದೆನೋ ಎಂಬಂತೆ ಯೋಚಿಸುತ್ತಿರುವ ಗಂಡಸು, ಮೊಣಕಾಲಿಗೆ ಟೋಪಿ ತೊಡಿಸಿಕೊಂಡ ಕಾವಲುಗಾರ. ಮುಖಗಳನ್ನು ಆಕೆ ಬರೆಯುವುದೇ ಇಲ್ಲ ಅನ್ನಬೇಕು. ಮೂಗಿಗೆ ಒಂದು ಗೀಟು, ಕಣ್ಣಿನ ಜಾಗದಲ್ಲಿ ಬೆರಳಿನಿಂದ ಒರೆಸಿದ ಕಪ್ಪು, ಅಷ್ಟೆ. ಬೆನ್ನು, ಭುಜ, ಮಡಿಲಲ್ಲಿ ಬಿದ್ದುಕೊಂಡ ಕೈಗಳನ್ನು ಮಾತ್ರ ಒಂದು ಮಡಿಕೆ ಬಿಡದೆ ಬರೆದಿದ್ದಳು. ಚೀಲ ಇಳಿಸುವಾಗ ಅವನು, "ಎಲ್ಲರೂ ಕೂತೇ ಇದ್ದಾರಲ್ಲ ಮೇಡಂ?" ಅಂತ ಕೇಳಿದ್ದಕ್ಕೆ, "ನಿಂತೋರು ಎಲ್ಲಿ ನಿಲ್ತಾರೆ ಹೇಳಿ, ಹೋಗ್ಬಿಡ್ತಾರೆ" ಅಂದು ನಕ್ಕಿದ್ದಳು. ವಯಸ್ಸಾದ ಹೆಂಗಸು. ಉಗುರಿನ ಸಂದಿಯ ಇದ್ದಿಲು ತೊಳೆದರೂ ಹೋಗದ ಕೈ.

ಅವನು ಅಳತೆಪಟ್ಟಿ ಸರಿಸಿದ. ಆಗ ಕಿವಿ ಕಂಡಿತು. ಪುಸ್ತಕದ ಹಾಳೆಯ ಮೂಲೆ ಮಡಚಿದ ಹಾಗೆ ಮೇಲ್ಭಾಗ ಮಡಚಿಕೊಂಡ ಕಿವಿ. ಅಪ್ಪನ ಕಿವಿ. ಒಂದಕ್ಕೊಂದು ಅಂಟಿಸಿಕೊಂಡ ಮೊಣಕಾಲುಗಳು, ಅವುಗಳ ಮೇಲೆ ಒಂದು ಫೈಲು, ಫೈಲಿನ ಮೇಲೆ ಬಲಗೈ. ಎಡಗೈ ಮಾತ್ರ ಮೈಯಿಂದ ದೂರ ಚಾಚಿ, ಪಕ್ಕದ ಖಾಲಿ ಕುರ್ಚಿಯ ಮೇಲೆ ಐದು ಬೆರಳೂ ಬಿಡಿಸಿ ಊರಿತ್ತು. ಹಾಳೆಯ ಕೆಳಗಿನ ಮೂಲೆಯಲ್ಲಿ ಕಲಾವಿದೆ ತಾರೀಖು ಬರೆದಿದ್ದಳು. ಅಪ್ಪ ತೀರಿಕೊಂಡ ತಾರೀಖು ಅವನಿಗೆ ಒಮ್ಮೊಮ್ಮೆ ತಪ್ಪುತ್ತಿತ್ತು, ಹೆಂಡತಿ ನೆನಪಿಸಬೇಕಾಗುತ್ತಿತ್ತು. ಈ ತಾರೀಖು ಒಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಆ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಹತ್ತಿರ ಎರಡು ಕುರ್ಚಿ ಸಿಕ್ಕಿದ್ದೇ ಪುಣ್ಯ. ಅಪ್ಪನ ಸರದಿ ನಲವತ್ತೊಂದು, ಒಳಗೆ ಆಗ ಹನ್ನೆರಡು. ಅಪ್ಪ ಸುಮ್ಮನೆ ಕೂರುವವನಲ್ಲ. ಎದುರಿನವನನ್ನು ಎಲ್ಲಿ ನೋವು, ಯಾವಾಗಿನಿಂದ, ಎಷ್ಟು ಮಕ್ಕಳು ಅಂತೆಲ್ಲ ವಿಚಾರಿಸಿ, ಕೊನೆಗೆ, "ಇವನು ನನ್ನ ಮಗ, ಚಿತ್ರಗಾರ" ಅಂದ. ಎದುರಿನವನು ಕಣ್ಣರಳಿಸಿ, "ಹೌದಾ, ಎಂಥ ಚಿತ್ರ ಬರೀತೀರಿ?" ಅಂದ. ಅವನು, "ನಾನು ಬರೆಯಲ್ಲ, ಚಿತ್ರಕ್ಕೆ ಕಟ್ಟು ಹಾಕ್ತೀನಿ" ಅಂದಾಗ ಅಪ್ಪ, "ಒಂದೇ ಬಿಡಿ, ಕಟ್ಟಿಲ್ಲದೆ ಯಾವ ಚಿತ್ರ ಗೋಡೆ ಹತ್ತುತ್ತೆ?" ಅಂತ ಎಲ್ಲರಿಗೂ ಕೇಳಿಸುವ ಹಾಗೆ ನಕ್ಕ. ಅಷ್ಟೆ ನಡೆದದ್ದು. ಯಾರೂ ಅವಮಾನ ಮಾಡಿರಲಿಲ್ಲ. ಆದರೂ ಅವನ ಕಿವಿ ಬಿಸಿಯಾಯಿತು. ಚಿತ್ರಕಲೆಯ ಶಾಲೆಗೆ ಸೇರಲು ಎರಡು ಸಲ ಪರೀಕ್ಷೆ ಕೊಟ್ಟು ಎರಡು ಸಲವೂ ಬಾಗಿಲಿನಿಂದಲೇ ಹಿಂತಿರುಗಿದವನು ತಾನು ಎಂಬುದು ಅಪ್ಪನಿಗೆ ಗೊತ್ತಿಲ್ಲದ್ದಲ್ಲ. "ಒಂದು ಟೀ ಕುಡಿದು ಬರ್ತೀನಿ" ಅಂತ ಎದ್ದ. ಟೀ ಅಂಗಡಿಯ ಪಕ್ಕ ಕ್ಷೌರದ ಅಂಗಡಿಯಿತ್ತು, ಫ್ಯಾನು ತಿರುಗುತ್ತಿತ್ತು. ಹೋಗಿ ಕೂತ. ಮುಂದೆ ನಾಲ್ವರಿದ್ದರು, ಅದು ಅವನಿಗೆ ಒಳ್ಳೆಯದೇ ಅನ್ನಿಸಿತು. ಸರದಿ ಬಂದು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದೇ ತಡ, ಎಷ್ಟೋ ವಾರಗಳಿಂದ ಬಾರದ ನಿದ್ದೆ ಬಂತು. ಪಾಪ ಅಂತ ಕ್ಷೌರಿಕ ಎಬ್ಬಿಸಲಿಲ್ಲ. ಮೂರು ಗಂಟೆ ಕಳೆದು ಹಿಂತಿರುಗಿದಾಗ ಪಡಸಾಲೆ ಖಾಲಿಯಾಗಿತ್ತು, ಡಾಕ್ಟರು ಎದ್ದು ಹೋಗಿದ್ದರು. ನಲವತ್ತೊಂದು ಅಂತ ಎರಡು ಸಲ ಕೂಗಿದರಂತೆ. ಡಾಕ್ಟರು ಹೇಳುವುದು ತನ್ನ ತಲೆಗೆ ಹೋಗುವುದಿಲ್ಲ, ಮಗ ಬರಲಿ ಅಂತ ಅಪ್ಪ ಬೇರೆಯವರನ್ನು ಮುಂದೆ ಬಿಟ್ಟನಂತೆ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಚೆನ್ನಾಗಿ ಕತ್ತರಿಸಿದಾನೆ" ಅಂದ. ಮತ್ತೆ ಸರದಿ ಸಿಕ್ಕಿದ್ದು ಐದು ವಾರದ ಮೇಲೆ. ಆ ಐದು ವಾರದಿಂದ ಏನಾದರೂ ವ್ಯತ್ಯಾಸವಾಯಿತೇ ಅಂತ ಅವನು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಾಲ್ಕು ತಿಂಗಳಲ್ಲಿ ಅಪ್ಪ ಹೋದ.

ಗಾಜಿನ ಮೇಲೆ ಯಾರದೋ ನೆರಳು ಬಿದ್ದು, ಬಾಗಿಲಲ್ಲಿ ನಿಂತ ಗಿರಾಕಿ, "ಮದುವೆ ಫೋಟೋ ಆಯ್ತಾ?" ಅಂದಾಗ, "ನಾಳೆ" ಅಂದ. ಆ ಫೋಟೋ ಆಗಿ ಎರಡು ದಿನವಾಗಿ, ಕಾಗದ ಸುತ್ತಿ ಮೂಲೆಯಲ್ಲಿಟ್ಟಿತ್ತು. ಗಿರಾಕಿ ಹೋದ ಮೇಲೆ ಅದು ನೆನಪಾಯಿತು.

ಮಧ್ಯಾಹ್ನ ಊಟಕ್ಕೆ ಅಂಗಡಿಯ ಮೇಲಿನ ಮನೆಗೆ ಹೋದರೆ ಅಮ್ಮ ಫೋನಿನಲ್ಲಿದ್ದಳು. ಆ ಕಡೆ ಅಪ್ಪನ ತಂಗಿ. ಅತ್ತೆಯ ಗಂಡನಿಗೆ ಆಪರೇಷನ್ ಆಗಿ ಮೂರು ದಿನವಾಗಿತ್ತು, ಅವಳ ಮಗ ಬೆಳಿಗ್ಗೆ ಮುಖ ತೋರಿಸಿ ಕೆಲಸಕ್ಕೆ ಹೋಗುತ್ತಾನೆ ಅಂತ ಅವಳಿಗೆ ಸಂಕಟ. "ಪಕ್ಕದಲ್ಲಿ ಯಾರಾದ್ರೂ ಇರಬೇಕು ಕಣೇ" ಅಂತ ಅಮ್ಮ ಹೇಳುತ್ತಿದ್ದಳು. "ನನ್ನ ಮಗ ನೋಡು, ನಿಮ್ಮಣ್ಣನ್ನ ಒಂದು ದಿನ, ಒಂದು ಗಳಿಗೆ ಬಿಟ್ಟು ಕದಲಲಿಲ್ಲ." ಅವನಿಗೆ ಕೇಳಲಿ ಅಂತಲೇ ದನಿ ಸ್ವಲ್ಪ ಏರಿಸಿದ್ದಳು. ಈ ಮಾತನ್ನು ಅವನು ಒಂಬತ್ತು ವರ್ಷದಿಂದ ನೆಂಟರ ಮನೆಗಳಲ್ಲಿ, ಬಸ್ಸಿನಲ್ಲಿ, ಒಮ್ಮೆ ತರಕಾರಿಯವಳ ಮುಂದೆಯೂ ಕೇಳಿಸಿಕೊಂಡಿದ್ದ. ಮೊದಲು ಹಾಗೆ ಹೇಳಿದವನು ಅಪ್ಪನೇ. ಆ ಸಂಜೆ ಮನೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಡಾಕ್ಟರಿಗೆ ಏನೋ ಅರ್ಜೆಂಟು ಬಂತು, ನಾವಿಬ್ಬರೂ ಕೂತು ಕೂತು ಸುಸ್ತಾದ್ವಿ" ಅಂದಿದ್ದ. ಅವನು ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದ. ಆಡಿದ್ದು ಅಷ್ಟೇ, ಆದರೆ ಅಲ್ಲಿಂದಾಚೆಗೆ ಯಾರಾದರೂ ಹೊಗಳಿದಾಗ ಅವನ ತಲೆ ತಾನಾಗಿಯೇ ಹಾಗೆ ಆಡುವುದನ್ನು ಕಲಿತುಬಿಟ್ಟಿತ್ತು.

"ಯಾಕೆ, ತಟ್ಟೇಲಿ ಹಾಗೇ ಕೈಯಾಡಿಸ್ತಿದ್ದೀರಿ?" ಅಂದಳು ಹೆಂಡತಿ.

"ಭುಜ ನೋವು."

ಅಮ್ಮ ಫೋನಿಟ್ಟು ಬಂದು, ಅವನ ಜೇಬಿನಿಂದ ಇಣುಕುತ್ತಿದ್ದ ಪ್ರದರ್ಶನದ ಕಾರ್ಡನ್ನು ತಾನೇ ಎಳೆದು ಓದಿದಳು. "ಮುಂದಿನ ಭಾನುವಾರ ಬೆಳಿಗ್ಗೆ. ನಾನು ಬರ್ತೀನಪ್ಪ." ಅವನು ಕಟ್ಟು ಹಾಕಿದ ಯಾವ ಪ್ರದರ್ಶನವನ್ನೂ ಅವಳು ಬಿಟ್ಟವಳಲ್ಲ. ಚಿತ್ರಗಳ ಮುಂದೆ ನಿಂತು ಕಟ್ಟಿನ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಹೊರಗೆ ಬಂದು, "ಕಟ್ಟುಗಳು ಚೆನ್ನಾಗಿದ್ದವು, ಒಳಗಿನವೂ ಪರವಾಗಿಲ್ಲ" ಅನ್ನುತ್ತಿದ್ದಳು. "ಈ ಸಲ ಮೆಟ್ಟಿಲು ಜಾಸ್ತಿ ಇದೆಯಮ್ಮ" ಅಂದ ಅವನು. "ಇದ್ರೆ ಹತ್ತೋಣ, ನಿನ್ನ ಕೈ ಇದೆಯಲ್ಲ" ಅಂದಳು.

ಅಂಗಡಿಗೆ ಇಳಿದವನೇ ಹದಿನೇಳನೆಯ ಚಿತ್ರವನ್ನು ಎತ್ತಿಕೊಂಡ. ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟು ಅಂತ ಒಂದು ದಪ್ಪ ರಟ್ಟು ಇರುತ್ತದೆ, ನಡುವೆ ಕಿಟಕಿ ಕೊರೆದಿರುತ್ತಾರೆ. ಆ ಕಿಟಕಿಯಲ್ಲಿ ಕಂಡದ್ದಷ್ಟೇ ಚಿತ್ರ. ಕಿಟಕಿಯ ಬಲಗಡೆಯನ್ನು ಸ್ವಲ್ಪ ಒಳಗೆ ತಂದರೆ ಕುರ್ಚಿ ಕಾಣುವುದಿಲ್ಲ. ಪೆನ್ಸಿಲಿನಲ್ಲಿ ಗೆರೆ ಹಾಕಿ ನೋಡಿದ. ಕುರ್ಚಿ ಮರೆಯಾಯಿತು, ಆದರೆ ಕೈ ಮಣಿಕಟ್ಟಿನ ಹತ್ತಿರ ಕತ್ತರಿಸಿದ ಹಾಗೆ ಉಳಿಯಿತು. ನೋಡಲು ಭಯವಾಯಿತು. ಇನ್ನೂ ಒಳಗೆ ತಂದ. ಮೊಣಕೈಗೆ ಬಂದಿತು. ಈಗ ಅಪ್ಪ ಯಾವುದೋ ಕಟ್ಟೆಗೆ ಮೊಣಕೈ ಊರಿ ಹಾಯಾಗಿ ಕೂತವನ ಹಾಗೆ ಕಂಡ. ಯಾರಿಗಾಗಿಯೂ ಕಾಯದವನು. ಅವನು ಸ್ಟೀಲು ಪಟ್ಟಿ ಒತ್ತಿ ಹಿಡಿದು ಬ್ಲೇಡನ್ನು ಓರೆಯಾಗಿ ಒಂದೇ ಉಸಿರಿನಲ್ಲಿ ಎಳೆದ. ಇಷ್ಟು ನೇರವಾದ ಗೆರೆ ಅವನ ಕೈಯಿಂದ ಬಂದು ಎಷ್ಟೋ ದಿನವಾಗಿತ್ತು. ಹೆಮ್ಮೆಯಂಥದ್ದೇನೋ ಒಂದು ಕ್ಷಣ ಸುಳಿಯಿತು, ಅದಕ್ಕೇ ಅವನಿಗೆ ಹೇಸಿಗೆಯಾಯಿತು.

ಗುರುವಾರ ಕಲಾವಿದೆ ನೋಡಲು ಬಂದಳು. ಕಟ್ಟು ಹಾಕಿ ಗೋಡೆಗೆ ಒರಗಿಸಿದ್ದ ಚಿತ್ರಗಳ ಮುಂದೆ ನಿಧಾನವಾಗಿ ನಡೆದಳು. ಮೊಣಕಾಲು ಹಿಡಿದುಕೊಂಡು ಬಗ್ಗುತ್ತಿದ್ದಳು, ಏಳುವಾಗ "ಉಸ್ಸಪ್ಪಾ" ಅನ್ನುತ್ತಿದ್ದಳು. ಹದಿನೇಳರ ಮುಂದೆ ನಿಂತಾಗ ಅವನು ಮೇಜಿನ ಮೇಲಿನ ಮೊಳೆಗಳನ್ನು ಡಬ್ಬಿಗೆ ತುಂಬತೊಡಗಿದ.

"ಇಲ್ಲೊಂದು ಕೈ ಇತ್ತಲ್ಲ?"

"ಆ ಕಡೆ ಹಾಳೆ ಸ್ವಲ್ಪ ಮಾಸಿತ್ತು ಮೇಡಂ. ಮೌಂಟು ಒಳಗೆ ತಗೊಂಡೆ. ಬೇಡ ಅಂದ್ರೆ..." ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಆಕೆ ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದಳು. "ಬಿಡಿ. ಹೀಗೇ ಚೆನ್ನಾಗಿದೆ. ಆ ಖಾಲಿ ಕುರ್ಚಿ ನನಗೆ ಯಾವಾಗ್ಲೂ ಕಾಟ ಕೊಡ್ತಿತ್ತು. ಚಿತ್ರ ಎಲ್ಲ ಆ ಕಡೆಗೇ ವಾಲ್ತಿತ್ತು."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಕೆ ಸ್ಟೂಲಿನ ಮೇಲೆ ಕೂತು, ನೀರು ಕೇಳಿ ಕುಡಿದು, ಸುಮ್ಮನೆ ನೆನಪಿಗೆ ಬಂದದ್ದನ್ನು ಹೇಳುವವಳ ಹಾಗೆ ಶುರು ಮಾಡಿದಳು. "ನಮ್ಮಕ್ಕನ್ನ ತೋರಿಸೋಕೆ ಹೋಗಿದ್ದೆ ಅವತ್ತು. ನನಗೆ ಆಗಲೇ ಈ ಮಂಡಿನೋವು. ಇಡೀ ಪಡಸಾಲೇಲಿ ಅದೊಂದೇ ಕುರ್ಚಿ ಖಾಲಿ. ಕೂತ್ಕೊಳ್ಳಲಾ ಅಂದೆ. ಇಲ್ಲಮ್ಮ, ನನ್ನ ಮಗ ಬರ್ತಾನೆ ಅಂದ್ರು. ಸರಿ, ಅವನು ಬಂದ್ಮೇಲೆ ಎದ್ದು ಕೊಡ್ತೀನಿ ಅಂದೆ. ಅದಕ್ಕೂ ಒಪ್ಪಲಿಲ್ಲ ಆ ಮನುಷ್ಯ! ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಚೀಲದಿಂದ ಹಾಳೆ ತೆಗೆದು ಅವರ ಎದುರಿಗೇ ನಿಂತು ಬರೆದೆ. ಸಿಟ್ಟಿನಲ್ಲಿ ಬರೆದಿದ್ದು ಇದೊಂದೇ."

ಅವನ ಕೈಯಲ್ಲಿ ಮೊಳೆಗಳು ಹಾಗೇ ಉಳಿದವು. "ಯಾಕಂತೆ? ಯಾಕೆ ಕೊಡಲಿಲ್ಲವಂತೆ?"

"ಮಗ ದಿನವೆಲ್ಲ ನಿಂತೇ ಕೆಲಸ ಮಾಡೋನಂತೆ. ಇಲ್ಲಿ ಬಂದಾಗಲಾದ್ರೂ ಕೂತ್ಕೊಳ್ಲಿ ಅಂದ್ರು. ಬೇಜಾರು ಮಾಡ್ಕೋಬೇಡಿ ಅಂತ ನನಗೆ ಕೈ ಬೇರೆ ಮುಗಿದ್ರು. ಒಂದೇ ಕೈಯಲ್ಲಿ. ಇನ್ನೊಂದನ್ನ ಕುರ್ಚಿಯಿಂದ ತೆಗೀಲಿಲ್ಲ ನೋಡಿ." ಆಕೆ ನಕ್ಕಳು.

"ಬಂದನಾ ಆ ಮಗ?"

"ಯಾರಿಗೆ ಗೊತ್ತು? ನಮ್ಮಕ್ಕಂದು ಮುಗಿಯೋವರೆಗೆ ಬಂದಿರಲಿಲ್ಲ. ನಾವು ಹೊರಟ್ವಿ." ಆಕೆ ಎದ್ದಳು. "ಈಗ ಸರಿಹೋಯ್ತು ಬಿಡಿ, ನೀವು ಕತ್ತರಿಸಿದ್ದೇ ಒಳ್ಳೇದಾಯ್ತು. ಅಷ್ಟು ವರ್ಷ ಹಟ ಮಾಡಿದ್ರು, ಸಾಕು."

ಆಕೆ ಹೋದ ಮೇಲೆ ಅವನು ಬಾಗಿಲು ಮುಂದೆ ಮಾಡಿದ. ಅಪ್ಪ ತನ್ನನ್ನು ಚಿತ್ರಗಾರ ಅಂದದ್ದನ್ನು ಅವನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದ. ತನ್ನ ಕಾಲುಗಳ ಬಗ್ಗೆ ಅಪ್ಪ ಯಾವತ್ತಾದರೂ ಯೋಚಿಸಿದ್ದಾನು ಎಂಬುದು ಅವನ ತಲೆಗೆ ಬಂದೇ ಇರಲಿಲ್ಲ. ಈಗ ಎಲ್ಲ ಅನುಕೂಲವಾಗಿಯೇ ಇತ್ತು: ಬರೆದವಳು ಒಪ್ಪಿದಳು, ಕಟ್ಟು ಮುಗಿದಿದೆ, ಅಮ್ಮ ಬಂದರೂ ಕಟ್ಟೆಗೆ ಒರಗಿದ ಯಾರೋ ಮುದುಕನನ್ನು ನೋಡಿ ಮುಂದೆ ಹೋಗುತ್ತಾಳೆ. ಇನ್ನು ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಆ ಏನೂ ಇಲ್ಲದಿರುವುದನ್ನೇ ಅವನಿಂದ ತಡೆಯಲಾಗಲಿಲ್ಲ. ಕಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಹೊಸ ರಟ್ಟು ತೆಗೆದು ಗೆರೆ ಹಾಕಿದ. ಮೊದಲನೆಯದು ಮೂಲೆಯಲ್ಲಿ ಹರಿಯಿತು. ಎರಡನೆಯದರಲ್ಲಿ ಅಳತೆ ತಪ್ಪಿ ಕುರ್ಚಿಯ ಒಂದು ಕಾಲು ಮರೆಯಾಯಿತು, ಅದನ್ನೂ ಬಿಸಾಡಿದ. ಮೂರನೆಯದು ಕೂಡಿಬಂತು, ಅಂಥ ಒಳ್ಳೆಯ ಕೆಲಸವೇನಲ್ಲ, ಹತ್ತಿರದಿಂದ ನೋಡಿದರೆ ಬ್ಲೇಡು ತಡವರಿಸಿದ್ದು ಗೊತ್ತಾಗುತ್ತಿತ್ತು. ಆದರೆ ಕುರ್ಚಿ ಪೂರ್ತಿ ಕಾಣುತ್ತಿತ್ತು. ಒಳ್ಳೆಯ ಕೆಲಸ ಮಾಡಿದ ಸಮಾಧಾನವೂ ಅವನಿಗಾಗಲಿಲ್ಲ. ತಲೆ ಭಾರವಾಗಿತ್ತು. ಕೂರಬೇಕು ಅನ್ನಿಸಿದರೂ ಕೂರದೆ, ಉಳಿದ ಕಟ್ಟುಗಳ ಗಾಜು ಒರೆಸುತ್ತ ನಿಂತ. ಕಲಾವಿದೆಗೆ ಫೋನು ಮಾಡಿ, "ಹಾಳೆ ಅಷ್ಟೇನೂ ಮಾಸಿಲ್ಲ ಮೇಡಂ, ಮೊದಲಿನ ಹಾಗೇ ಮಾಡಿದೀನಿ" ಅಂದ. ಆಕೆ, "ಆಯ್ತು, ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ" ಅಂದಳು. ಇವನಿಗೆ ಏನೋ ಗೊತ್ತಿದೆ ಅಂತ ಆಕೆಗೆ ಅನ್ನಿಸಿತೋ, ಇವನ ಹುಚ್ಚಾಟಕ್ಕೆ ಬೇಸತ್ತಳೋ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಅವನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ಒಳಗೆ ಬಿಳಿ ಗೋಡೆಗಳು, ಮೆಲ್ಲಗೆ ಮಾತಾಡುವ ಜನ. ಮೂವತ್ತೆರಡು ಜನ ಸುತ್ತಲೂ ಕೂತಿರುವಾಗ ನೋಡುವವರು ಮಾತ್ರ ನಿಂತಿರಬೇಕಾದದ್ದು ಅಮ್ಮನಿಗೆ ತಮಾಷೆಯಾಗಿ ಕಂಡಿತು. "ಒಂದು ಕುರ್ಚಿ ನಮಗೂ ಹಾಕಬಾರದಿತ್ತಾ?" ಅಂದಳು. ಎಂದಿನಂತೆ ಮೂಲೆಗಳನ್ನು ಮುಟ್ಟಿ ನೋಡುತ್ತ ಹೋದಳು. ಅವನು ಹದಿನಾರರ ಹತ್ತಿರ ನಿಧಾನ ಮಾಡಿದ. ಅಮ್ಮ ಹದಿನೇಳರ ಕಟ್ಟಿನ ಮೂಲೆಗೆ ಬೆರಳು ತಾಗಿಸಿದಳು. ತಾಗಿಸಿದ ಬೆರಳು ಅಲ್ಲೇ ಉಳಿಯಿತು.

"ಇದು ನಿಮ್ಮಪ್ಪ ಅಲ್ವೇನೋ?"

"ಹೌದಮ್ಮ."

"ಯಾವಾಗ ಬರೆದಿದ್ದು?" ಅಂದು, ತಾನೇ ಕನ್ನಡಕ ಮೇಲೆ ಮಾಡಿ ಬಗ್ಗಿ ತಾರೀಖು ಓದಿದಳು. ಓದಿ, ಬಗ್ಗಿದವಳು ಹಾಗೇ ಇದ್ದಳು. "ಪಕ್ಕದಲ್ಲಿ ನೀನಿಲ್ವಲ್ಲ."

"ಇರಲಿಲ್ಲಮ್ಮ. ಎದ್ದು ಹೋಗಿದ್ದೆ. ಅಪ್ಪ ನನಗೆ ಅಂತ ಜಾಗ ಹಿಡ್ಕೊಂಡಿದ್ರು. ನಾನು ಬರೋವಾಗ ಡಾಕ್ಟರು ಹೋಗ್ಬಿಟ್ಟಿದ್ರು. ಅರ್ಜೆಂಟು ಗಿರ್ಜೆಂಟು ಏನೂ ಬಂದಿರಲಿಲ್ಲ." ಇಷ್ಟು ವರ್ಷ ಇದನ್ನು ಹೇಳಬೇಕಾದಾಗ ಹೇಗೆ ಹೇಳಬೇಕು ಅಂತ ಅವನು ಮನಸ್ಸಿನಲ್ಲೇ ಎಷ್ಟೋ ಥರ ಜೋಡಿಸಿಟ್ಟಿದ್ದ. ಬಂದದ್ದು ಇಷ್ಟೇ.

"ಎಷ್ಟು ಹೊತ್ತು?"

"ಮೂರು ಗಂಟೆ."

ಅಮ್ಮ ಚಿತ್ರವನ್ನೇ ನೋಡುತ್ತಿದ್ದಳು. ಅಳುತ್ತಾಳೆ ಅಂದುಕೊಂಡ, ಬೈಯುತ್ತಾಳೆ ಅಂದುಕೊಂಡ. ಆದರೆ ಅವಳು ಹುಬ್ಬು ಗಂಟಿಕ್ಕಿ, ಮನೆಯಲ್ಲಿ ಏನನ್ನೋ ಎಲ್ಲಿಟ್ಟೆ ಅಂತ ಹುಡುಕುವಾಗಿನ ಮುಖ ಮಾಡಿದಳು.

"ನೀರಿನ ಬಾಟ್ಲಿ ನಿನ್ನ ಚೀಲದಲ್ಲಿತ್ತಲ್ಲೋ," ಅಂದಳು. "ನಾನೇ ಕಾಯಿಸಿ ಆರಿಸಿ ತುಂಬಿಸಿ, ನಿನ್ನ ಚೀಲಕ್ಕೆ ಹಾಕಿದ್ದೆ. ಅವರಿಗೆ ಗುಳಿಗೆ ನುಂಗಿದ್ರೆ ಗಂಟಲು ಒಣಗ್ತಿತ್ತು."

ಅವನಿಗೆ ನೆನಪಿರಲಿಲ್ಲ. ಒಂಬತ್ತು ವರ್ಷ ಆ ದಿನವನ್ನು ತಿರುವಿ ತಿರುವಿ ನೋಡಿದ್ದ, ಫ್ಯಾನಿನ ಸದ್ದು ನೆನಪಿತ್ತು, ಬಿಳಿ ಬಟ್ಟೆಯ ವಾಸನೆ ನೆನಪಿತ್ತು. ಕ್ಷೌರದ ಅಂಗಡಿಯ ಗೂಟಕ್ಕೆ ನೇತುಹಾಕಿದ ತನ್ನ ಚೀಲದೊಳಗೆ ಏನಿತ್ತು ಎಂಬುದು ಒಮ್ಮೆಯೂ ನೆನಪಾಗಿರಲಿಲ್ಲ. ಜಾಗ ಬಿಟ್ಟು ಏಳಲೂ ಆಗದೆ, ನಲ್ಲಿಯ ಹತ್ತಿರ ಹೋಗಲೂ ಆಗದೆ ಕೂತವನನ್ನು ಅವನು ಆಗ ಮೊದಲ ಸಲ ನೋಡಿದ. "ಕಾಲು ನೋಯ್ತಿದೆ, ಮನೆಗೆ ಹೋಗೋಣ" ಅಂದಳು ಅಮ್ಮ. ಮೆಟ್ಟಿಲು ಇಳಿಯುವಾಗ ಅವನ ತೋಳು ಹಿಡಿಯಲಿಲ್ಲ, ಗೋಡೆ ಹಿಡಿದುಕೊಂಡಳು. ಅವನು ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ, ಹಿಂದುಮುಂದಾಗಿ ಇಳಿದ.

ಆಮೇಲಿನ ದಿನಗಳು ಸಪ್ಪೆಯಾಗಿ ಹೋದವು. ಅಮ್ಮ ಮಾತು ಬಿಡಲಿಲ್ಲ, ಬಡಿಸುವುದು ಬಿಡಲಿಲ್ಲ, ಕಟ್ಟುಗಳ ಬಗ್ಗೆ ಕೇಳುವುದನ್ನು ಮಾತ್ರ ಬಿಟ್ಟಳು. ಹೆಂಡತಿಗೆ ಅವನೇ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, "ಅದಕ್ಕೇನಾ ಯಾರಾದ್ರೂ ಹೊಗಳಿದರೆ ನೀವು ತಲೆಯಾಡಿಸಿ ಎದ್ದು ಹೋಗ್ತಿದ್ದಿದ್ದು" ಅಂದಳು, ಬೇರೇನೂ ಅನ್ನಲಿಲ್ಲ. ಅಂಗಡಿಯಲ್ಲಿ ಕೆಲಸ ಬರುತ್ತಿತ್ತು, ಆಗುತ್ತಿತ್ತು. ಕನ್ನಡಿಗೆ ಕಟ್ಟು, ಪದವಿಯ ಕಾಗದಕ್ಕೆ ಕಟ್ಟು, ಸತ್ತವರ ಫೋಟೋಕ್ಕೆ ಕಟ್ಟು.

ತಿಂಗಳಾದ ಮೇಲೆ ಒಂದು ಸಂಜೆ ಅತ್ತೆ ಬಂದಳು. ಅವಳ ಗಂಡ ಹುಷಾರಾಗಿ ಮನೆಗೆ ಬಂದಿದ್ದ, ಆದರೂ ಅವಳ ಸಿಟ್ಟು ಇಳಿದಿರಲಿಲ್ಲ. ಕೂತವಳೇ ತನ್ನ ಮಗನ ಪುರಾಣ ತೆಗೆದಳು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಉಳಿಯಲಿಲ್ಲ, ಕುರ್ಚಿ ಬಿಸಿಯಾಗುವ ಮೊದಲೇ ಎದ್ದು ಹೋಗುತ್ತಿದ್ದ. "ಎಲ್ಲರಿಗೂ ನಿಮ್ಮ ಮಗನಂಥೋನು ಸಿಗಬೇಕಲ್ಲ ಅತ್ತಿಗೆ. ನಮ್ಮಣ್ಣ ಪುಣ್ಯ ಮಾಡಿದ್ದ. ಒಂದು ದಿನ ಬಿಟ್ಟು ಕದಲಲಿಲ್ಲ ಅಂತೀರಲ್ಲ."

ಬಾಗಿಲ ಬಳಿ ನಿಂತಿದ್ದ ಅವನ ತಲೆ ಅಭ್ಯಾಸಬಲದಿಂದ ಆಡಲು ಹೊರಟು ನಿಂತಿತು. ಅಮ್ಮ ಮಡಿಲಲ್ಲಿದ್ದ ಒಗೆದ ಬಟ್ಟೆಗಳನ್ನು ಮಡಚುತ್ತಿದ್ದಳು. ಒಂದು ಅಂಗಿಯ ತೋಳುಗಳನ್ನು ಹಿಂದಕ್ಕೆ ಮಡಚಿ, ನೆರಿಗೆ ತೀಡಿ, ಪಕ್ಕಕ್ಕಿಟ್ಟಳು.

"ಒಂದು ದಿನ ಹೋಗಿದ್ದ," ಅಂದಳು. "ಬಾಕಿ ದಿನ ಎಲ್ಲ ಇದ್ದ."

ಅವಳ ದನಿಯಲ್ಲಿ ದೂರಿರಲಿಲ್ಲ, ಸಮಾಧಾನವೂ ಇರಲಿಲ್ಲ. ಎಷ್ಟು ಅಂಗಿ ಒಗೆಯಲು ಹಾಕಿತ್ತು ಅಂತ ಕೇಳಿದರೆ ಹೇಳುವ ಹಾಗೆ ಹೇಳಿದಳು. ಅತ್ತೆ ಅವಳನ್ನು ನೋಡಿ, ಅವನ ಕಡೆ ತಿರುಗಿದಳು.

"ಎಲ್ಲಿಗೆ ಹೋಗಿದ್ಯೋ?"

ಅವನು ಒಳಗೆ ಬಂದು ಅತ್ತೆಯ ಎದುರಿಗೆ ಕೂತ. ಕೂತು, ಹೇಳಿದ.